ಹುಂಜದ ಜುಟ್ಟಿನ ಡಬ್ಬಿ

ಎಂಬತ್ತರ ದಶಕದಲ್ಲಿ ನಾನು ಪುಣೆಯ ಒಂದು ಖಾಸಗಿ ಸಂಶೋಧನಾ ಸಂಸ್ಥೆಯಲ್ಲಿ ಸಹಾಯಕನಾಗಿದ್ದೆ. ಜೀವಕೋಶಗಳ ನಡುವೆ ಇರುವ, ಕೀಲುಗಳನ್ನು ಸಲೀಸಾಗಿ ಆಡಿಸುವ ಅಂಟನ್ನು ನಮ್ಮವರು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಹಬ್ಬಕ್ಕೆ ಕೊಯ್ಯುವ ಹುಂಜಗಳ ಜುಟ್ಟು ಕೂಡಿಸಿಡು ಎಂದು ನಮ್ಮೂರು ದುಂಡಸಿಯಲ್ಲಿದ್ದ ಅವ್ವನಿಗೆ ಪತ್ರ ಬರೆದೆ.

ಹಬ್ಬ ಮುಗಿದ ನಾಲ್ಕನೇ ದಿನ ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಹಿಡಿದು, ದೊಡ್ಡ ವಿಜ್ಞಾನಿಯ ಠೀವಿಯಲ್ಲಿ ಬಸ್ಸಿಳಿದೆ. ಅವ್ವ ಕೇರಿಯೆಲ್ಲ ತಿರುಗಿ ತಂದ ಜುಟ್ಟುಗಳಿಗೆ ಉಪ್ಪು, ಅರಿಶಿಣ ಸವರಿ, ಏಣಿ ಹತ್ತಿ ಮಾಳಿಗೆ ಮೇಲೆ ಒಣಗಿಸಿ, ಡಬ್ಬಿ ತುಂಬಿಟ್ಟಿದ್ದಳು.

“ಎಲ್ಲಾ ಕೆಡಿಸಿಬಿಟ್ಟಿಯಲ್ಲಬೇ! ಹಸೀವು ಬೇಕಾಗಿದ್ವು” ಎಂದು ರೇಗಿದೆ.

“ಕೆಡಬಾರದಂತನ ಒಣಗಿಸೇನಿ. ಒಯ್ದು ಏನ ಮಾಡ್ತೀರಿ?”

“ಮೊಣಕಾಲು ನೋವಿಗೆ ಔಷಧ ಹುಡುಕಾಕತ್ತೇವಿ.”

ಅವ್ವ ಗೋಡೆ ಹಿಡಿದು, ಮೊಣಕಾಲಿಗೆ ಕೈಯೂರಿ ಮೆಲ್ಲಗೆ ಎದ್ದಳು.

“ಯಾರ ಮೊಣಕಾಲಿಗೆ?” ಅಂದಳು.