ಮಿಷನ್ನಿಗೆ ಹಚ್ಚಿದ ವಿಭೂತಿ

ಹೊಲಿಗೆ ಮಿಷನ್ನಿನ ಚಕ್ರ ಮಿಸುಕಾಡದೆ ನಿಂತಾಗ ಶಾಲೆ ಶುರುವಾಗಲು ಒಂದೇ ವಾರವಿತ್ತು. ನಮ್ಮೂರ ಮಕ್ಕಳ ಯೂನಿಫಾರಂ ಬಟ್ಟೆ ಮಂಚದ ತುಂಬ ಬಿದ್ದಿತ್ತು. ಗಂಡ ತೀರಿಕೊಂಡ ಮೇಲೆ ಅತ್ತೆಯೂ ನಾನೂ ಉಣ್ಣುತ್ತಿದ್ದದ್ದು ಆ ಮಿಷನ್ನಿನಿಂದಲೇ. ಹುಣಸೂರಿನಿಂದ ಕರೆಸಿದ ಮೆಕ್ಯಾನಿಕ್ಕು ಕೂರಲೂ ಇಲ್ಲ. "ಗುಜರಿಗೆ ಆಕ್ಬುಡಿ" ಎಂದು ಹೊರಟ. ಅವನ ಬಾಯಿಗೆ ಮಣ್ಣು ಬೀಳ! ಅವನ ಬೈಕು ಮರೆಯಾದ ಮೇಲೂ ಬೈಯುತ್ತಲೇ ಇದ್ದೆ.

ಪಕ್ಕದೂರು ಗಾವಡಗೆರೆಯ ಶಾಲೆಯ ಜಗಲಿಯಲ್ಲಿ ತಿಂಗಳಿಗೊಂದು ಭಾನುವಾರ ಕೆಲಸ ಬಲ್ಲ ನಾಲ್ಕೈದು ಮಂದಿ ಕೂತು, ಕೆಟ್ಟ ಮಿಕ್ಸಿ, ಫ್ಯಾನು, ಕುಕ್ಕರನ್ನೆಲ್ಲ ಪುಕ್ಕಟೆ ರಿಪೇರಿ ಮಾಡುತ್ತಾರೆ. ಕಟ್ಟಳೆ ಒಂದೇ: ಸಾಮಾನು ತಂದವರು ಪಕ್ಕದಲ್ಲಿ ಕೂತು ತಾವೇ ಸ್ಕ್ರೂ ಬಿಚ್ಚಬೇಕು. ಪುಕ್ಕಟೆ ಕೆಲಸವನ್ನು ನಾನು ನಂಬುವವಳಲ್ಲ. ಆದರೂ ಬೇರೆ ದಾರಿಯಿಲ್ಲದೆ ಆಟೋಗೆ ಮಿಷನ್ ಹೇರಿದೆ. ಅತ್ತೆ ಅದನ್ನು ತಬ್ಬಿಕೊಂಡು ಕೂತರು.

ನಮಗೆ ಸಿಕ್ಕವರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ಮುದುಕರು. "ಎದುರ್ಕೋಬ್ಯಾಡ ಕಣವ್ವ, ಬಿಚ್ಚು" ಎಂದು ನನ್ನ ಕೈಗೇ ಸ್ಕ್ರೂಡ್ರೈವರ್ ಕೊಟ್ಟರು. ಮೇಲಿನ ತಗಡು ಬಿಚ್ಚಿದರೆ, ಎಣ್ಣೆ ಬಿಡುವ ತೂತಿನ ಕೆಳಗೆ ಬೂದುಬಣ್ಣದ್ದೇನೋ ಗಾರೆಯ ಹಾಗೆ ಕಚ್ಚಿಕೊಂಡಿತ್ತು. ಅವರು ಕೆರೆದು, ಮೂಸಿ, ನಕ್ಕರು. "ಇದ್ಯಾರವ್ವ ಮಿಸನ್ನಿಗೆ ಈಬೂತಿ ಇಕ್ಕೋರು?"

ಅತ್ತೆಯ ಮುಖ ಇಳಿದುಹೋಯಿತು. ಪ್ರತಿ ಸೋಮವಾರ ಪೂಜೆ ಮುಗಿಸಿ, ವಿಭೂತಿಯನ್ನು ನೀರಲ್ಲಿ ಕಲಸಿ, ಮಿಷನ್ನಿನ ನೆತ್ತಿಯ ಮೇಲೆ ಮೂರು ಬೆರಳಲ್ಲಿ ಎಳೆಯುತ್ತಿದ್ದವರು ಅವರೇ. ವರ್ಷಾನುಗಟ್ಟಲೆ ಅದು ತೂತಿಗಿಳಿದು, ನಾನು ಬಿಟ್ಟ ಎಣ್ಣೆಯಲ್ಲಿ ಕಲಸಿಕೊಂಡು ಗಟ್ಟಿಯಾಗಿತ್ತು.

"ಅಯ್ಯೋ ಶಿವನೇ, ನಿನ್ ಅನ್ನಕ್ಕೆ ನಾನೇ ಕಲ್ಲಾಕ್ಬುಟ್ನಲ್ಲ ಕಣವ್ವ" ಎಂದು ಅತ್ತೆ ಹಣೆ ಚಚ್ಚಿಕೊಂಡರು. ನನಗೂ ಕೋಪ ಬಂತು, ಸುಳ್ಳೇಕೆ ಹೇಳಲಿ. ಆದರೆ ಬಾಯಿ ತೆರೆಯುವಷ್ಟರಲ್ಲಿ ಮುದುಕರು ಸೀಮೆಎಣ್ಣೆಯ ಬಾಟಲಿ ಕೈಗಿಟ್ಟರು. ಹನಿ ಬಿಡುವುದು, ಕಾಯುವುದು, ಚಕ್ರ ಅಲುಗಿಸುವುದು. ಮಧ್ಯಾಹ್ನದ ಹೊತ್ತಿಗೆ ಚಕ್ರ ಸರಾಗವಾಗಿ ತಿರುಗಿತು! ಅವರ ಕಾಲಿಗೆ ಬಿದ್ದೆ. "ಏಳವ್ವ, ಬಿಚ್ಚಿದ್ದು ನೀನೇ ಅಲ್ವಾ" ಎಂದರು. ಅವರ ಹೊಟ್ಟೆ ತಣ್ಣಗಿರಲಿ.

ಮರುದಿನ ಸೋಮವಾರ. ನಾನು ಹೊಲಿಯುತ್ತಿದ್ದೆ. ಪೂಜೆ ಮುಗಿಸಿದ ಅತ್ತೆ ವಿಭೂತಿ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತರು.

"ಬನ್ನಿ ಅತ್ತೆ, ಮಿಷನ್ನಿನ ಹಲಗೆಗೆ ಹಚ್ಚಿ. ಅಲ್ಲೇನೂ ಆಗಲ್ಲ" ಎಂದೆ.

ಬಂದವರು ಹಲಗೆ ಮುಟ್ಟಲಿಲ್ಲ. ನನ್ನ ಗಲ್ಲ ಹಿಡಿದೆತ್ತಿದರು. "ನಾನು ಬೇಡ್ಕತಿದ್ದುದು ಮಿಸನ್ನಿಗೋಸ್ಕರ ಅಲ್ಲ ಕಣವ್ವ, ನಿಂಗೋಸ್ಕರ. ನೀನು ಅಣೆಗೆ ಇಕ್ಕುಸ್ಕೊಳಲ್ಲ ಅಂದ್ಬುಟ್ಟಿದ್ದೆ. ಅದ್ಕೇ ನಿನ್ ಮಿಸನ್ನಿಗೆ ಇಕ್ತಿದ್ದೆ."

ನಿಜ. ಗಂಡ ಸತ್ತ ದಿನ ಶಿವನ ಮೇಲಿನ ಸಿಟ್ಟಿಗೆ ಆ ಬಟ್ಟಲನ್ನು ತಳ್ಳಿದ್ದೆ. ಮಗನನ್ನು ಕಳೆದುಕೊಂಡವರು ಅವರು. ಆದರೂ ಅಷ್ಟು ವರ್ಷ ನನಗಾಗಿ ಬೇಡಿದ್ದರು. ಅವರ ಕೈಯನ್ನು ನನ್ನ ಹಣೆಗೆ ಒತ್ತಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.