ಅಕ್ಕನ ಮನೆಯ ಕಾಗದ ತರಲು ಹೋಗಿದ್ದು

ಬುಧವಾರ ಮಧ್ಯಾಹ್ನ ರಾಯಚೂರಿನಿಂದ ಬಂದು ಅಕ್ಕನ ಊರಿನ ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದಾಗ ನೆಲ ಕಾದ ಹೆಂಚಿನಂತಿತ್ತು. ಸ್ಟೇಷನ್ ಗೇಟಿನಲ್ಲಿ ಆಟೊ ಹತ್ತಬೇಡಿ. ಅಲ್ಲಿ ನೂರೈವತ್ತು ಕೇಳಿದರು. ಇನ್ನೂರು ಹೆಜ್ಜೆ ನಡೆದು ರಸ್ತೆಗೆ ಬಂದೆ, ತೊಂಬತ್ತಕ್ಕೆ ಒಬ್ಬ ಒಪ್ಪಿದ.

ಅಕ್ಕನ ಮನೆ ದೊಡ್ಡ ಚರಂಡಿಯ ದಂಡೆಗಿದೆ. ಚರಂಡಿ ಅಗಲ ಮಾಡಲು ಆ ಸಾಲನ್ನೆಲ್ಲ ಕೆಡವುತ್ತಾರೆ. ಸರ್ವೆಗೆ ಬಂದಾಗ ಮನೆಯ ಅಸಲು ಕಾಗದ ತೋರಿಸಿದವರಿಗೆ ಬೇರೆ ಮನೆ ಕೊಡುತ್ತೇವೆ ಎಂದು ಸರ್ಕಾರದವರು ಮೈಕಿನಲ್ಲಿ ಸಾರಿ ಹೋಗಿದ್ದರು. ಸರ್ವೆ ಗುರುವಾರ. ಭಾವ ಮಾತ್ರ, ಅಸಲು ಈ ಊರಲ್ಲೇ ಇರಬಾರದು, ಬಂದು ಒಯ್ಯಿ ಎಂದು ನನಗೆ ಫೋನ್ ಮಾಡಿದ್ದರು. ಮೂವತ್ತು ವರ್ಷ ಸರ್ಕಾರಿ ಗುಮಾಸ್ತರಾಗಿದ್ದವರು ಅವರು. ರೊಟ್ಟಿ, ಪುಂಡಿಪಲ್ಯದ ಊಟದ ನಡುವೆ ಹೇಳಿದರು: "ಆ ಟೇಬಲ್ ಮ್ಯಾಲಿಟ್ಟ ಕಾಗದ ತಿರುಗಿ ಬರೂದಿಲ್ಲ. ಎಷ್ಟು ಮಂದೀದು ನಾನ ಕಳದೀನಿ, ನನಗ ಗೊತ್ತಿಲ್ಲೇನು?"

ನಾನೂ ಹೌದೆಂದೆ. ಬರಿಗೈಯಲ್ಲಿ ಪಾತ್ರೆ ಅಂಗಡಿ ಕಟ್ಟಿದವನು ನಾನು. ನನ್ನ ಹತ್ತಿರ ಏನಿದೆ ಎಂದು ಮೊದಲೇ ತೋರಿಸಿ ಎಂದೂ ವ್ಯಾಪಾರ ಮಾಡಿಲ್ಲ. ಝೆರಾಕ್ಸ್ ತೋರಿಸಿ ಸಾಕು, ಅಸಲು ರಾಯಚೂರಲ್ಲಿದೆ ಅನ್ನಿ ಎಂದು ಸಲಹೆ ಕೊಟ್ಟವನೂ ನಾನೇ.

ಗುರುವಾರ ಸರ್ವೆಗೆ ಬಂದಾಕೆಗೆ ಮೂವತ್ತೂ ಆಗಿರಲಿಲ್ಲ. ಬೆವರೊರೆಸಿಕೊಂಡು ನೀರು ಕುಡಿದಳು. ಅಸಲನ್ನು ಒಯ್ಯುವುದಿಲ್ಲ, ಒಮ್ಮೆ ಕಣ್ಣಿಗೆ ತೋರಿಸಿ ಸಾಕು ಎಂದು ತೆಲುಗಿನಲ್ಲಿ ಮೂರು ಸಲ ಹೇಳಿದಳು. ಭಾವ ಝೆರಾಕ್ಸನ್ನೇ ಮುಂದೆ ಹಿಡಿದು, ಅಸಲು ರಾಯಚೂರಲ್ಲಿದೆ ಎಂದರು. ಅಸಲು ಮಂಚದ ಮೇಲೆ, ನನ್ನ ತೊಡೆಯ ಪಕ್ಕದ ಚೀಲದಲ್ಲಿತ್ತು. ಪಕ್ಕದ ಮನೆಯ ರಜಿಯಾಬಿ ಡಬ್ಬಿಯಿಂದ ತನ್ನ ಕಾಗದ ತೆಗೆದು ತೋರಿಸಿದಳು. ಅವಳ ಕೈಗೆ ಹೊಸ ಮನೆಯ ಚೀಟಿ ಬಂತು. ನಮ್ಮ ಗೋಡೆಗೆ ಬರೀ ಕೆಡವುವ ಗುರುತಿನ ಕೆಂಪು ನಂಬರು.

ರಜಿಯಾಬಿಯ ಚೀಟಿ ನೋಡಿದ ಮೇಲೆ ಭಾವ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಶುಕ್ರವಾರ ಬೆಳಿಗ್ಗೆ ಇಬ್ಬರೂ ಅಸಲು ಹಿಡಿದು ಸರ್ವೆ ಆಫೀಸಿಗೆ ಓಡಿದೆವು. ಆಕೆಯೇ ಇದ್ದಳು. ನಿನ್ನೆ ರಾಯಚೂರಲ್ಲಿದ್ದ ಕಾಗದ ಇವತ್ತು ಹೇಗೆ ಬಂತು ಎಂದಷ್ಟೇ ಕೇಳಿದಳು. ಹೊಸ ಮನೆ ಸಿಗುವವರ ಪಟ್ಟಿ ಮೇಲಿನ ಸಾಹೇಬರಿಗೆ ಹೋಗಿಯಾಗಿತ್ತು. ಇನ್ನೊಂದೇ ದಾರಿ: ಇವತ್ತೇ ಅರ್ಜಿ ಬರೆದು, ಅಸಲನ್ನು ಒಂದು ವಾರ ಇಲ್ಲಿ ಬಿಟ್ಟುಹೋಗಬೇಕು, ರಸೀದಿ ಕೊಡುತ್ತೇನೆ ಎಂದಳು.

ಭಾವ ಆ ಖಾಲಿ ರಸೀದಿ ಪುಸ್ತಕವನ್ನು ಬಹಳ ಹೊತ್ತು ನೋಡಿದರು. "ಇಂಥಾ ರಸೀದಿ ನಾನೂ ಭಾಳ ಹರದ ಕೊಟ್ಟೀನಿ," ಎಂದು ಕಾಗದಗಳನ್ನು ನನ್ನ ಚೀಲಕ್ಕೆ ತುರುಕಿ ಎದ್ದರು. ಕೊಟ್ಟುಬಿಡೋಣ ಎಂಬ ಮಾತು ನನ್ನ ಬಾಯಿವರೆಗೆ ಬಂತು. ಆದರೂ ಚೀಲದ ಬಾಯಿ ಮುಚ್ಚಿಕೊಂಡು ಅವರ ಹಿಂದೆಯೇ ನಡೆದೆ.

ನಿಮಗೆ ಹೇಳುವುದಿಷ್ಟೆ: ತೋರಿಸಿ ಅಂದರೆ ತೋರಿಸಿಬಿಡಿ. ಹೀಗೆ ಬರೆಯುತ್ತೇನೆ, ಆದರೆ ನಾಳೆ ನನ್ನ ಅಂಗಡಿಗೇ ಯಾರಾದರೂ ಬಂದು ಕೇಳಿದರೆ ತೋರಿಸುತ್ತೇನೋ ಇಲ್ಲವೋ ತಿಳಿಯದು.

ಸ್ಟೇಷನ್ನಿಗೆ ಅಕ್ಕ ಒಬ್ಬಳೇ ಬಂದಳು. ಕಿಟಕಿಯಲ್ಲಿ ಕೈಯಿಟ್ಟು ಚೀಲ ಮುಟ್ಟಿ ನೋಡಿದಳು. "ಕಾಗದಕ್ಕ ಇರಾಕ ಜಾಗ ಸಿಕ್ತಲ್ಲ ತಮ್ಮಾ," ಎಂದಳು. ಗಾಡಿ ಹೊರಟಿತು.

ರಾಯಚೂರಿಗೆ ಬಂದವನೇ ಕಾಗದಗಳನ್ನು ಅಂಗಡಿಯ ತಿಜೋರಿಯಲ್ಲಿಟ್ಟು ಬೀಗ ಹಾಕಿದೆ. ಎರಡು ಸಲ ಎಳೆದು ನೋಡಿದೆ.