ಪಕ್ಕದ ಮನೆ ಅಜ್ಜಿಯ ಕೋವಿ

ಡಚ್ಚರ ಕಡಲೂರು ನೂರ್ಡ್‌ವೈಕ್‌ನ ನಮ್ಮ ಪಕ್ಕದ ಮನೆಯಲ್ಲಿರುವುದು ಎಪ್ಪತ್ತು ದಾಟಿದ ಒಬ್ಬ ಡಚ್ ಹೆಂಗಸು. ಮನಸ್ಸಿನಲ್ಲಿ ನಾನು ಅವರನ್ನು ಅಜ್ಜಿ ಎಂದೇ ಕರೆಯುವುದು. ಹೊಸದಾಗಿ ಬಂದಾಗ ಸಮುದ್ರದ ಗಾಳಿಗೆ ಎದುರಾಗಿ ಸೈಕಲ್ ತುಳಿಯಲು ಕಲಿಸಿದವರು ಅವರೇ. ಅವರು ಬೇಟೆಗಾರ್ತಿ ಎಂದು ತಿಳಿದದ್ದು ಬಹಳ ತಡವಾಗಿ. ಮೊಟ್ಟೆಯನ್ನೂ ತಿನ್ನದ ಮೈಸೂರಿನವಳ ಮುಂದೆ ಆ ವಿಷಯ ಎತ್ತಲು ಅವರಿಗೇ ಸಂಕೋಚವಿತ್ತಂತೆ.

ಅವರ ಬಲಭುಜಕ್ಕೆ ಆಪರೇಷನ್ ಆಗಿತ್ತು. ತೀರಿಹೋದ ಗಂಡನ ಉದ್ದನೆಯ ಕೋವಿಯನ್ನೇ ಇಷ್ಟು ವರ್ಷ ಹೇಗೋ ಸಂಭಾಳಿಸಿದ್ದರು. ಈಗ ತಮ್ಮ ಗಿಡ್ಡ ಮೈಗೆ ಹೊಂದುವ ಹಗುರವಾದ ಹೊಸ ಕೋವಿ ಮಾಡಿಸಲು ಹೊರಟಿದ್ದರು. ಕೋವಿ ಮಾಡುವವನು ಮೊದಲು ಕೇಳಿದ್ದು ಒಂದೇ: ಯಾವ ತೋಟಾಕ್ಕೆ ಮಾಡಲಿ? ಅದು ತೀರ್ಮಾನವಾಗದೆ ನಳಿಗೆಯೂ ಇಲ್ಲ, ಹಿಡಿಯೂ ಇಲ್ಲ.

ಒಂದು ಭಾನುವಾರ ಬೇಲಿಯ ಆಚೆಯಿಂದ ಕರೆದು, ಎಂದಿನಂತೆ ಅರ್ಧ ಡಚ್ಚು ಅರ್ಧ ಇಂಗ್ಲಿಷಿನಲ್ಲಿ ಕೇಳಿದರು. "ನೀನು ಸ್ಯಾಟಲೈಟ್ ಅಲ್ಲಾಡಿಸಿ ನೋಡುವ ಕೆಲಸ ತಾನೆ ಮಾಡೋದು? ಕೋವಿ ನನ್ನ ಭುಜಕ್ಕೆ ಎಷ್ಟು ಜೋರಾಗಿ ಒದೆಯುತ್ತೆ ಅಂತ ಲೆಕ್ಕ ಹಾಕಿ ಹೇಳ್ತೀಯಾ?"

ಉಡಾವಣೆಯ ಅದುರಾಟವನ್ನು ಉಪಗ್ರಹ ತಾಳುತ್ತದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ; ಒಪ್ಪಿಕೊಂಡೆ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಜಿಂಕೆ ಹೊಡೆಯೋಕೆ ನೀನು ಲೆಕ್ಕ ಮಾಡಿಕೊಡ್ತೀಯಾ?" ಎಂದು ಗದರಿದಳು. ಫೋನಿಡುವ ಮೊದಲು, "ಪಾಪ, ಆ ವಯಸ್ಸಲ್ಲಿ ಭುಜ ನೋವು ಅಂದ್ರೆ ಕಷ್ಟಾನೇ" ಎಂದಳು.

ಅಜ್ಜಿಯ ಆಸೆ ಥರ್ಟಿ ನಾಟ್ ಸಿಕ್ಸ್. ಗಂಡ ಜೀವಮಾನವೆಲ್ಲ ಬಳಸಿದ ತೋಟಾ ಅದೇ. ಆತ ಬಿಟ್ಟುಹೋದ ತೋಟಾಗಳು ಇನ್ನೂ ಕಬ್ಬಿಣದ ಬೀರುವಿನಲ್ಲಿದ್ದವು. ಅದೇ ತೋಟಾವನ್ನು ಹಗುರವಾದ ಕೋವಿಗೆ ಹಾಕಿದರೆ ಒದೆತ ಇನ್ನೂ ಹೆಚ್ಚುತ್ತದೆ ಎಂದು ನನ್ನ ಲೆಕ್ಕ ಹೇಳಿತು. "ಸಿಕ್ಸ್ ಪಾಯಿಂಟ್ ಫೈವ್ ಸ್ವೀಡಿಷ್ ಅಂತ ಒಂದಿದೆ. ಒದೆತ ಹೆಚ್ಚುಕಡಿಮೆ ಅರ್ಧ" ಎಂದೆ.

"ಕಾಡುಹಂದಿಗೆ ಸಾಕಾಗುತ್ತಾ?"

"ಇಲ್ಲಿನ ಕಾನೂನು ಕೇಳುವಷ್ಟು ಶಕ್ತಿ ಇದೆ. ಸ್ವೀಡನ್ನಿನವರು ಅದರಲ್ಲಿ ಕಾಡುಹಂದಿಗಿಂತ ದೊಡ್ಡ ಪ್ರಾಣಿಯನ್ನೇ ಹೊಡೀತಾರೆ."

"ಕಾಗದದ ಮೇಲೆ ಎಲ್ಲಾ ಸರಿ ಇರುತ್ತೆ ಮಗು," ಎಂದು ಮಾತು ತಿರುಗಿಸಿದರು. ಅವರಿಗೆ ಬೇಕಾದದ್ದು ನನ್ನ ಲೆಕ್ಕವಲ್ಲ, ಗಂಡನ ತೋಟಾವೇ ಇರಲಿ ಎಂಬ ಮಾತು ಎಂದು ನನಗೆ ಹೊಳೆಯಿತು. ಆದರೆ ಹಾಗೆ ಹೇಳಲು ಬಾಯಿ ಬರಲಿಲ್ಲ.

ಮುಂದಿನ ವಾರ ಶೂಟಿಂಗ್ ರೇಂಜಿಗೆ ನನ್ನನ್ನೂ ಕರೆದೊಯ್ದರು. ಭುಜ ಎಷ್ಟು ಹಿಂದಕ್ಕೆ ಹೋಗುತ್ತದೆಂದು ನೋಡಲು, ಗಂಡನ ಕೋವಿಯಿಂದ ಅವರು ಗುಂಡು ಹಾರಿಸುವುದನ್ನು ಪಕ್ಕದಿಂದ ಫೋನಿನಲ್ಲಿ ನಿಧಾನಗತಿಯಲ್ಲಿ ಚಿತ್ರಿಸಿದೆ. ಗುಂಡುಗಳು ಗುರಿಹಲಗೆಯ ಮೂಲೆಮೂಲೆಗೆ ಬಿದ್ದಿದ್ದವು. ಕೋವಿಯ ದುರ್ಬೀನು ಅಲುಗಿರಬೇಕು ಎಂದು ಅಜ್ಜಿ ಗೊಣಗಿದರು.

ಕ್ಯಾಂಟೀನಿನಲ್ಲಿ ಕಾಫಿ ಮುಂದಿಟ್ಟುಕೊಂಡು ವಿಡಿಯೊ ನೋಡಿದೆವು. ಬೆರಳು ಇನ್ನೂ ಟ್ರಿಗರನ್ನು ಎಳೆಯುತ್ತಿದೆ, ಗುಂಡು ಹಾರಿಲ್ಲ. ಅಷ್ಟರಲ್ಲೇ ಅಜ್ಜಿಯ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ, ಭುಜ ಮುದುಡುತ್ತದೆ, ನಳಿಗೆ ಕೆಳಗೆ ವಾಲುತ್ತದೆ. ಹೊಗೆ ಬರುವುದು ಆಮೇಲೆ. ಪ್ರತಿ ಸಲವೂ ಹಾಗೇ. ತೋರಿಸಬಾರದಿತ್ತೇನೋ ಅನಿಸಿತು.

ಅವರು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು.

"ಹೆದರ್ತಾ ಇದ್ದೀನಿ ಅಂತ ನನಗೇ ಗೊತ್ತಿರಲಿಲ್ಲ ನೋಡು," ಎಂದರು ಕೊನೆಗೆ. "ಕಣ್ಣು ಮುಚ್ಚಿ ಹೊಡೆದರೆ ಜಿಂಕೆಗೆ ಕಾಲು ಮುರಿಯುತ್ತೆ. ಎಲ್ಲೋ ಪೊದೆಯಲ್ಲಿ ಬಿದ್ದು ನರಳಿ ಸಾಯುತ್ತೆ. ಅಂಥ ಕೆಲಸ ನನ್ನ ಗಂಡ ಒಪ್ಪುತ್ತಿರಲಿಲ್ಲ."

"ಸ್ವೀಡಿಷ್ ತೋಟಾ ಹಳೇ ಕಾಲದ್ದು," ಎಂದೆ ಸಮಾಧಾನಕ್ಕೆ. "ನಿಮಗಿಂತ ಹೆಚ್ಚು ವಯಸ್ಸಾಗಿದೆ ಅದಕ್ಕೆ."

ಅಜ್ಜಿ ನಕ್ಕುಬಿಟ್ಟರು. "ಹಾಗಾದ್ರೆ ನನಗೂ ಅದಕ್ಕೂ ಹೊಂದುತ್ತೆ." ಅಲ್ಲಿಂದಲೇ ಕೋವಿ ಮಾಡುವವನಿಗೆ ಫೋನ್ ಮಾಡಿದರು. ಬೀರುವಿನಲ್ಲಿದ್ದ ತೋಟಾಗಳನ್ನು ಗಂಡನ ಬೇಟೆಯ ಗೆಳೆಯನೊಬ್ಬನಿಗೆ ಕೊಟ್ಟರು. ಕೊಟ್ಟ ದಿನ ಬಾಗಿಲು ತೆಗೆದಾಗ ಕಣ್ಣು ಕೆಂಪಾಗಿತ್ತು. ನಾನು ಬಿಸಿಬೇಳೆಬಾತಿನ ಡಬ್ಬಿ ಕೊಟ್ಟು ಬಂದೆ.

ಕೋವಿ ಬಂದದ್ದು ಮರುವರ್ಷ ಮೇ ತಿಂಗಳಿಗೆ. ಮೊದಲ ಬೇಟೆಗೆ ಬರುತ್ತೀಯಾ ಎಂದು ಕೇಳಿದಾಗ ಎರಡು ದಿನ ಯೋಚಿಸಿ ಹೂಂ ಎಂದೆ. ಲೆಕ್ಕ ಹಾಕಿಕೊಟ್ಟವಳು ನೋಡದೆ ಇರುವುದು ಸರಿಯಲ್ಲ ಅನಿಸಿತ್ತು. ಸಂಜೆ ಹೊಲದಂಚಿನ ಮರದ ಅಟ್ಟಣೆಯ ಮೇಲೆ ಒಂದೇ ಕಂಬಳಿ ಹೊದ್ದು ಕೂತೆವು. ಮೇಯುತ್ತಾ ಬಂದ ಗಂಡು ಜಿಂಕೆ ನಮ್ಮೂರ ಮೇಕೆಗಿಂತ ದೊಡ್ಡದಿರಲಿಲ್ಲ. ಅಜ್ಜಿ ಕೋವಿ ಎತ್ತಿದಾಗ ನಾನು ಜಿಂಕೆಯನ್ನು ನೋಡಲಿಲ್ಲ, ಅವರ ಕಣ್ಣನ್ನೇ ನೋಡುತ್ತಿದ್ದೆ. ಅದು ತೆರೆದೇ ಇತ್ತು. ಸದ್ದಾಯಿತು. ಜಿಂಕೆ ನಿಂತಲ್ಲೇ ಕುಸಿದು ಬಿತ್ತು, ಮತ್ತೆ ಅಲ್ಲಾಡಲಿಲ್ಲ.

ಕೆಳಗಿಳಿದು ಹೋದೆವು. ಅಜ್ಜಿ ಟೋಪಿ ತೆಗೆದರು. ಓಕ್ ಮರದ ಎಳೆಯ ಟೊಂಗೆಯೊಂದನ್ನು ಮುರಿದು ಜಿಂಕೆಯ ಬಾಯಿಗಿಟ್ಟರು. "ಕೊನೆಯ ತುತ್ತು," ಎಂದರು. "ನಮ್ಮಲ್ಲಿ ಹೀಗೆ ಕೊಟ್ಟೇ ಕಳಿಸೋದು."

ನಾನು ಬಗ್ಗಿ ಅದರ ಕುತ್ತಿಗೆ ಮುಟ್ಟಿದೆ. ಇನ್ನೂ ಬೆಚ್ಚಗಿತ್ತು. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು ನಿಂತರು.

"ಇನ್ನೊಂದು ಸಲ ಬರ್ತೀಯಾ?" ಎಂದರು ಕಾರಿನಲ್ಲಿ.

"ಇಲ್ಲ," ಎಂದೆ. "ಬೇಟೆಗೆ ಬರಲ್ಲ. ನಾಳೆ ಕಾಫಿಗೆ ಬರ್ತೀನಿ."

"ಅಷ್ಟು ಸಾಕು," ಎಂದು ಗೇರ್ ಬದಲಿಸಿದರು.